ಬೆನ್ನ ಹಿಂದಿನ ಗಾಳಿ

ನನ್ನ ಟೋಪಿ ಹಾರಿತು. ಹಿಂದಕ್ಕೂ ಅಲ್ಲ, ಪಕ್ಕದ ಬೇಲಿಗೂ ಅಲ್ಲ. ಸೈಕಲ್‌ಗಳು ಯಾವ ಕಡೆ ಹೋದವೋ ಅದೇ ಕಡೆಗೆ, ಅವುಗಳ ಬೆನ್ನು ಹತ್ತಿ ನಾಲ್ಕಾರು ಮಾರು ಓಡಿ ಬಿತ್ತು.

2014ರ ಜುಲೈ 5. ಇಂಗ್ಲೆಂಡಿನ ಯಾರ್ಕ್‌ಶೈರ್ ಸೀಮೆಯ ಇಲ್ಕ್ಲಿ ಎಂಬ ಊರು. ಆ ವರ್ಷದ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸು ಶುರುವಾದದ್ದು ಫ್ರಾನ್ಸಿನಲ್ಲಲ್ಲ, ಹತ್ತಿರದ ಲೀಡ್ಸ್ ನಗರದಲ್ಲಿ. ಮೊದಲ ದಿನ ಲೀಡ್ಸ್‌ನಿಂದ ಹ್ಯಾರೊಗೇಟ್‌ಗೆ 190.5 ಕಿ.ಮೀ. ಎರಡನೇ ದಿನ ಯಾರ್ಕ್‌ನಿಂದ ಶೆಫೀಲ್ಡ್‌ಗೆ 201 ಕಿ.ಮೀ. ಮೂರನೇ ದಿನ ಕೇಂಬ್ರಿಜ್‌ನಿಂದ ಲಂಡನ್‌ಗೆ, ಆಮೇಲೆ ಫ್ರಾನ್ಸು. ಕೆಲಸದ ಮೇಲೆ ನಾನಾಗ ಲೀಡ್ಸ್‌ನಲ್ಲಿದ್ದೆ. ಎಲ್ಲಿ ನೋಡಿದರೂ ಹಳದಿ. ಹಳೇ ಸೈಕಲ್‌ಗಳಿಗೆ ಹಳದಿ ಪೇಂಟು ಬಳಿದು ಗೋಡೆಗೆ, ಗೇಟಿಗೆ ನೇತುಹಾಕಿದ್ದರು. ಉಣ್ಣೆಯಲ್ಲಿ ಪುಟ್ಟ ಪುಟ್ಟ ಜೆರ್ಸಿ ಹೆಣೆದು ತೋರಣ ಕಟ್ಟಿದ್ದರು. ಕೆಲವು ಕಡೆ ಕುರಿಗಳನ್ನೂ ಬಿಟ್ಟಿರಲಿಲ್ಲ, ಅವಕ್ಕೂ ಹಳದಿ ಬಣ್ಣ. (ರೇಸಿನಲ್ಲಿ ಮುಂದಿರುವವರು ಹಳದಿ ಅಂಗಿ ತೊಡುವ ಪದ್ಧತಿ 1919ರದ್ದು. ರೇಸು ನಡೆಸುತ್ತಿದ್ದ 'ಲೋಟೊ' ಪತ್ರಿಕೆ ಹಳದಿ ಕಾಗದದ ಮೇಲೆ ಅಚ್ಚಾಗುತ್ತಿತ್ತು.)

ನಾಲ್ಕು ಗಂಟೆ ಕಾದೆವು. ಮೊದಲು ಮೂವರು ಬಂದರು. ಸ್ವಲ್ಪ ಹೊತ್ತಿನ ಮೇಲೆ ಉಳಿದವರೆಲ್ಲ ಒಂದೇ ಹಿಂಡಾಗಿ ಬಂದರು. 22 ತಂಡ, ತಂಡಕ್ಕೆ 9 ಜನ, ಒಟ್ಟು 198. ಅರ್ಧ ನಿಮಿಷದಲ್ಲಿ ಎಲ್ಲ ಮುಗಿಯಿತು. ಜೊತೆಗಿದ್ದ ಗೆಳೆಯ "ಇಷ್ಟೇನಾ?" ಅಂದ. ಅವನು ದಾವಣಗೆರೆಯವನು, ನೇರ ಮಾತು. "ಮುಂದೆ ಹೋದ ಮೂವರು ನಿಜವಾದ ಸವಾರರು ಕಣೋ. ಹಿಂದಿನವರೆಲ್ಲ ಹರಟೆ ಹೊಡ್ಕೊಂಡು ಬರ್ತಿದ್ರು."

ಹರಟೆ ಹೊಡೆಯುತ್ತಿದ್ದದ್ದು ನಿಜ, ನಾನೂ ನೋಡಿದೆ. ಗಂಟೆಗೆ ನಲವತ್ತರ ಮೇಲೆ ಹೋಗುತ್ತಾ ಹರಟೆ! ಅಷ್ಟು ಉಸಿರು ಅವರಲ್ಲಿ ಉಳಿದದ್ದು ಹೇಗೆ ಅನ್ನುವುದೇ ಈ ಆಟದ ಗುಟ್ಟು. ನನ್ನ ಟೋಪಿಗೆ ಅದು ಗೊತ್ತಾಗಿತ್ತು.

ಒಂದು ಘನ ಮೀಟರ್ ಗಾಳಿ ಸುಮಾರು 1.2 ಕೆಜಿ ತೂಗುತ್ತದೆ. ಬಾಗಿ ಕೂತ ಸವಾರ ಎದುರಿನಿಂದ ನೋಡಿದರೆ ಹೆಚ್ಚುಕಮ್ಮಿ ಅರ್ಧ ಚದರ ಮೀಟರ್ ಇರುತ್ತಾನೆ. ಗಂಟೆಗೆ 40 ಕಿ.ಮೀ. ಅಂದರೆ ಸೆಕೆಂಡಿಗೆ 11 ಮೀಟರ್. ಗುಣಿಸಿ ನೋಡಿ: ಪ್ರತಿ ಸೆಕೆಂಡಿಗೆ ಆರೂವರೆ ಕೆಜಿ ಗಾಳಿ ಅವನ ದಾರಿಗೆ ಅಡ್ಡ ಬರುತ್ತದೆ. ಗಂಟೆಗೆ 24 ಟನ್. ಎರಡು ಲಾರಿ ಲೋಡು ಗಾಳಿಯನ್ನು ಪಕ್ಕಕ್ಕೆ ಸರಿಸದೆ ಒಂದು ಗಂಟೆಯ ದಾರಿ ಸಾಗುವುದಿಲ್ಲ.

ಇನ್ನೊಂದು ಕಿತಾಪತಿ ಇದೆ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟಾಗುತ್ತದೆ. ಆ ತಡೆಯನ್ನು ಎರಡು ಪಟ್ಟು ಬೇಗ ದಾಟಬೇಕಲ್ಲ, ಹಾಗಾಗಿ ಕಾಲಿನಿಂದ ಬರಬೇಕಾದ ಶಕ್ತಿ ಎಂಟು ಪಟ್ಟು. ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗಕ್ಕೆ ಗಾಳಿ ಕೇಳುವುದು 33 ವ್ಯಾಟಿನಷ್ಟು. ಅದೇ 40ಕ್ಕೆ 260 ವ್ಯಾಟ್ ದಾಟುತ್ತದೆ. ಟೈರು ರಸ್ತೆಗೆ ಉಜ್ಜುವ ಖರ್ಚು ಸುಮಾರು 35 ವ್ಯಾಟ್ ಸೇರಿಸಿದರೆ ಒಟ್ಟು 300. ಮನೆಯ ನಾಲ್ಕು ಸೀಲಿಂಗ್ ಫ್ಯಾನ್ ತಿರುಗಿಸುವಷ್ಟು. ಅದರಲ್ಲಿ ನೂರಕ್ಕೆ ಹತ್ತಿರ ಹತ್ತಿರ 90 ಭಾಗ ಹೋಗುವುದು ಬರೀ ಗಾಳಿಗೆ.

ಈಗ ಹಿಂದೆ ಬರುವವನ ವಿಷಯ. ಆಳೆತ್ತರ ಬೆಳೆದ ಜೋಳದ ಹೊಲದಲ್ಲಿ ನಾಲ್ಕು ಜನ ಸಾಲಾಗಿ ನಡೆದರೆ ಗರಿ ಮುಖಕ್ಕೆ ಬಡಿಯುವುದು ಮೊದಲಿನವನಿಗೆ. ಹಿಂದಿನವರಿಗೆ ದಾರಿ ತೆರೆದಿರುತ್ತದೆ. ಸೆಳೆತ ಇರುವ ಹೊಳೆಯಲ್ಲಿ ಮೀನುಗಳು ಬಂಡೆಯ ಹಿಂದೆ ಬಾಲವನ್ನೂ ಅಲ್ಲಾಡಿಸದೆ ಸುಮ್ನೆ ನಿಂತಿರುವುದನ್ನು ನೋಡಿರುತ್ತೀರಿ. ಆದರೆ ಜೋಳ, ಬಂಡೆ ಎರಡೂ ಅರ್ಧ ಕತೆಯನ್ನಷ್ಟೇ ಹೇಳುತ್ತವೆ. ಇನ್ನರ್ಧ ಬೇಕಾದರೆ ಬಸ್ ಸ್ಟಾಪಿಗೆ ಬನ್ನಿ. ವೇಗದ ಬಸ್ಸು ಹಾದುಹೋದ ಮೇಲೆ ಒಣ ಎಲೆ, ಖಾಲಿ ಕವರು, ಧೂಳು ಎಲ್ಲ ಅದರ ಹಿಂದೆ ಓಡುತ್ತವೆ, ಅಲ್ವಾ? ಬಸ್ಸು ಗಾಳಿಯನ್ನು ಸೀಳಿದೆ. ಸೀಳಿದ ಗಾಳಿಗೆ ಬಸ್ಸಿನ ಬೆನ್ನಿಗೆ ಸುತ್ತಿಕೊಂಡು ಬಂದು ಕೂಡಲು ಪುರುಸೊತ್ತಿಲ್ಲ. ಅಲ್ಲೊಂದು ಹಗುರ ಒತ್ತಡದ ಜಾಗ ಉಂಟಾಗುತ್ತದೆ. ಅದನ್ನು ತುಂಬಲು ಸುತ್ತಲಿನ ಗಾಳಿ ಸುಳಿಸುಳಿಯಾಗಿ ನುಗ್ಗಿ, ಬಸ್ಸಿನ ಜೊತೆಗೇ ಮುಂದಕ್ಕೆ ಹೋಗುತ್ತದೆ. ಬಸ್ಸಿಗೆ ಇದು ನಷ್ಟ. ಎದುರಿನ ಗಾಳಿ ತಳ್ಳುವುದು ಸಾಲದು ಅಂತ ಹಿಂದಿನ ಗಾಳಿ ಜಗ್ಗುತ್ತದೆ. ಮನುಷ್ಯನ ಮೈ ಈ ವಿಷಯದಲ್ಲಿ ಬಸ್ಸಿನ ಜಾತಿಯದೇ, ಮೀನಿನ ಜಾತಿಯದಲ್ಲ. ಮೀನಿಗೆ ನುಣುಪಾಗಿ ಮೊನಚಾಗುವ ಬಾಲವಿದೆ, ನೀರು ಸದ್ದಿಲ್ಲದೆ ಮತ್ತೆ ಕೂಡುತ್ತದೆ. ನಮಗಿರುವುದು ಬೆನ್ನು.

ಆ ಹಗುರ ಜಾಗದಲ್ಲಿ ಇನ್ನೊಬ್ಬ ಸವಾರ ತನ್ನ ಮುಂಗಾಲಿ ತಂದಿಟ್ಟರೆ? ಅವನ ಸುತ್ತ ಇರುವ ಗಾಳಿ ಆಗಲೇ ಮುಂದಕ್ಕೆ ಹೊರಟಿರುತ್ತದೆ. ಅವನಿಗೆ ಎದುರುಗಾಳಿ ಕಡಿಮೆ. ಇದಕ್ಕೆ ನಾನು ಗಾಳಿಯ ನೆರಳು ಅನ್ನುತ್ತೇನೆ. ತಮಾಷೆ ಅಂದರೆ ಮುಂದಿನವನಿಗೂ ಚೂರು ಲಾಭವಿದೆ. ಅವನ ಬೆನ್ನ ಹಿಂದಿನ ಖಾಲಿಯನ್ನು ಹಿಂದಿನವನ ಮೈ ತುಂಬಿದ್ದರಿಂದ ಜಗ್ಗಾಟ ಎರಡು ಮೂರು ಪರ್ಸೆಂಟ್ ತಗ್ಗುತ್ತದೆ. ಕೊಟ್ಟವನಿಗೂ ಚಿಲ್ಲರೆ ವಾಪಸ್ಸು.

ಹಕ್ಕಿಗಳು ಸಾಲುಗಟ್ಟಿ ಹಾರುವುದೂ ಇದೇ ಕಾರಣಕ್ಕೆ ಅಂತ ವಾಟ್ಸಾಪಲ್ಲಿ ಆಗಾಗ ಬರುತ್ತದೆ. ಅಲ್ಲ! ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ನೋಡಿ, ಒಂದರ ಹಿಂದೆ ಒಂದು ನೇರ ಇರುವುದಿಲ್ಲ, ಓರೆಯಾಗಿರುತ್ತವೆ. ಮುಂದಿನ ಹಕ್ಕಿಯ ರೆಕ್ಕೆ ತುದಿಯಿಂದ ಮೇಲಕ್ಕೇಳುವ ಗಾಳಿಯ ಮೇಲೆ ಹಿಂದಿನದು ತನ್ನ ರೆಕ್ಕೆಯನ್ನು ಒರಗಿಸುತ್ತದೆ. ಅವಕ್ಕೆ ಬೇಕಾದದ್ದು ನೆರಳಲ್ಲ, ಊರುಗೋಲು. ಫಲ ಒಂದೇ ಥರ ಕಂಡರೆ ಕಾರಣವೂ ಒಂದೇ ಆಗಬೇಕಿಲ್ಲ.

ಗಾಳಿಯ ನೆರಳು ಎಷ್ಟು ದಟ್ಟವಾಗಬಹುದು ಎಂದು ಚಾರ್ಲ್ಸ್ ಮರ್ಫಿ ಎಂಬ ಅಮೆರಿಕದವರು 1899ರ ಜೂನ್ 30ರಂದು ತೋರಿಸಿದರು. ಲಾಂಗ್ ಐಲೆಂಡಿನ ರೈಲು ಹಳಿಗಳ ನಡುವೆ ಹಲಗೆ ಹಾಸಿ, ಮುಂದೆ ರೈಲು ಓಡಿಸಿ, ಅದರ ಕೊನೇ ಡಬ್ಬಿಯ ಮರೆಯಲ್ಲಿ ಪೆಡಲ್ ತುಳಿದರು. ಒಂದು ಮೈಲಿಗೆ 57.8 ಸೆಕೆಂಡ್, ಅಂದರೆ ಗಂಟೆಗೆ 100 ಕಿ.ಮೀ.! 2018ರಲ್ಲಿ ಡೆನಿಸ್ ಮುಲ್ಲರ್-ಕೊರೆನೆಕ್ ಎಂಬ ಮಹಿಳೆ ಬಾನ್‌ವಿಲ್‌ನ ಉಪ್ಪಿನ ಬಯಲಲ್ಲಿ ರೇಸು ಕಾರಿನ ಹಿಂದೆ ಗಂಟೆಗೆ 296 ಕಿ.ಮೀ. ಮುಟ್ಟಿದರು. ಕಾಲಿನ ಬಲ ಮನುಷ್ಯರದೇ, ಗಾಳಿ ಮಾತ್ರ ಇರಲಿಲ್ಲ. ನಾನೂ ಹುಡುಗನಾಗಿದ್ದಾಗ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಅಟ್ಲಾಸ್ ಸೈಕಲ್ ಹೊಡೆದವನೇ. ಜಲ್ಲೆ ಕೀಳಲು ಹೋದವನಿಗೆ ಈ ತತ್ವ ಪುಕ್ಕಟೆ ಸಿಕ್ಕಿತು, ಮನೆಗೆ ಬಂದ ಮೇಲೆ ಅಪ್ಪನ ಕೈಯಿಂದ ಇನ್ನೇನೋ ಸಿಕ್ಕಿತು. ನೀವು ಮಾಡಬೇಡಿ. ಟ್ರ್ಯಾಕ್ಟರ್ ಬ್ರೇಕ್ ಹಾಕುವುದು ಹಿಂದಿನವನಿಗೆ ಮೊದಲೇ ತಿಳಿಯುವುದಿಲ್ಲ.

ಹಿಂಡಿನ ಲೆಕ್ಕ ಇನ್ನೂ ವಿಚಿತ್ರ. ಒಬ್ಬರ ಹಿಂದಿದ್ದರೆ ತಡೆ ಮೂರನೇ ಒಂದರಷ್ಟೋ ಅರ್ಧದಷ್ಟೋ ಉಳಿತಾಯ ಎಂದು ಬಹಳ ಕಾಲದಿಂದ ಅಂದಾಜಿತ್ತು. 2018ರಲ್ಲಿ ಐಂಡ್‌ಹೋವನ್ ವಿಶ್ವವಿದ್ಯಾಲಯದ ಬರ್ಟ್ ಬ್ಲಾಕೆನ್ ಮತ್ತು ಜೊತೆಗಾರರು 121 ಸವಾರರ ಪೂರ್ತಿ ಹಿಂಡನ್ನೇ ಕಂಪ್ಯೂಟರಿನಲ್ಲಿ ಕಟ್ಟಿದರು. ಪುಟ್ಟ ಗೊಂಬೆ ಸವಾರರನ್ನು ಮಾಡಿ ಗಾಳಿ ಸುರಂಗದಲ್ಲೂ ಇಟ್ಟು ನೋಡಿದರು. ಹಿಂಡಿನ ಹೊಟ್ಟೆಯೊಳಗೆ ಕೂತವನಿಗೆ ತಡೆ ಒಂಟಿ ಸವಾರನ ತಡೆಯ ಬರೀ 5ರಿಂದ 10 ಪರ್ಸೆಂಟ್! ಹಿಂಡು ಗಂಟೆಗೆ 54 ಕಿ.ಮೀ. ವೇಗದಲ್ಲಿ ಹಾರುತ್ತಿರುವಾಗ ಒಳಗಿನವನ ಮುಖಕ್ಕೆ ತಾಗುವ ಗಾಳಿ 12ರಿಂದ 17 ಕಿ.ಮೀ. ವೇಗದ್ದು. ಬೆಳಿಗ್ಗೆ ಹಾಲು ತರಲು ಸೈಕಲ್ ಮೇಲೆ ಹೋದಂತೆ. ಹರಟೆ ಹೊಡೆಯದೆ ಇನ್ನೇನು ಮಾಡುತ್ತಾರೆ?

ಹಾಗಾದರೆ ಮುಂದೆ ಯಾರು ಇರಬೇಕು? ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿ ಗೊತ್ತಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಸವಾರರು ಒಂದೊಂದು ಸರದಿ ಗಾಳಿ ತಿಂದು ಪಕ್ಕಕ್ಕೆ ಸರಿಯುತ್ತಾರೆ. ಎದುರಾಳಿ ತಂಡದವನ ಜೊತೆಗೂ ಮುಯ್ಯಿ ನಡೆಯುತ್ತದೆ. ಮುಯ್ಯಿ ತೀರಿಸದೆ ಬರೀ ಹಿಂದೆ ಅಂಟಿಕೊಂಡು ಬಂದವನನ್ನು ಎಲ್ಲರೂ ಬಯ್ಯುತ್ತಾರೆ. ಒಮ್ಮೊಮ್ಮೆ ಅವನೇ ಗೆಲ್ಲುತ್ತಾನೆ ಅನ್ನುವುದು ಬೇರೆ ಮಾತು.

ಇಲ್ಕ್ಲಿಯಲ್ಲಿ ನಾವು ನೋಡಿದ ಆ ಮೂವರಲ್ಲಿ ಒಬ್ಬರು ಜರ್ಮನಿಯ ಯೆನ್ಸ್ ಫೋಯ್ಟ್, ಆಗ 42 ವರ್ಷ. ಮುಂದೆ ಅವರು ಉಳಿದಿಬ್ಬರನ್ನೂ ಬಿಟ್ಟು ಒಂಟಿಯಾಗಿ ಹೊರಟರು. ಹ್ಯಾರೊಗೇಟ್ ಇನ್ನೂ ದೂರ ಇರುವಾಗಲೇ ಹಿಂಡು ಅವರನ್ನು ನುಂಗಿತು. ಟೀವಿ ಮುಂದೆ ಕೂತವರು ಇಂಥದ್ದಕ್ಕೆ "ಪಾಪ, ಅದೃಷ್ಟ ಕೆಟ್ಟಿತ್ತು" ಅನ್ನುತ್ತಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಅದೃಷ್ಟ ನಂಬುವುದರಲ್ಲಿ ಸವಾರರೇನೂ ಕಡಿಮೆಯಿಲ್ಲ ಬಿಡಿ. 13 ನಂಬರು ಸಿಕ್ಕವರು ಬೆನ್ನಿನ ಒಂದು ಚೀಟಿಯನ್ನು ತಲೆಕೆಳಗು ಚುಚ್ಚಿಕೊಳ್ಳುತ್ತಾರೆ. ನಾವು ಆಯುಧಪೂಜೆಗೆ ಗಾಲಿಯಡಿ ನಿಂಬೆಹಣ್ಣು ಇಟ್ಟಂತೆ. ಆದರೆ ಫೋಯ್ಟ್ ಸಿಕ್ಕಿಬಿದ್ದದ್ದು ಯಾವ ನಂಬರಿನಿಂದಲೂ ಅಲ್ಲ. ಫ್ರಾನ್ಸಿನ ಮಾಜಿ ಸವಾರ, ವೀಕ್ಷಕ ವಿವರಣೆಕಾರ ರಾಬರ್ ಶಪಾತ್ ಹೇಳಿಟ್ಟ ಒಂದು ಅಂದಾಜಿದೆ: ಕೊನೆಯ ಹಂತದಲ್ಲಿ ಹಿಂಡು ಪ್ರತಿ 10 ಕಿ.ಮೀ.ಗೆ ಒಂದು ನಿಮಿಷ ವಸೂಲಿ ಮಾಡುತ್ತದೆ. ಒಂಟಿ ಸವಾರ ಗಂಟೆಗೆ 42 ಕಿ.ಮೀ. ವೇಗದಲ್ಲಿದ್ದರೆ ಹಿಂಡು 45ರಲ್ಲಿ ಬಂದರೆ ಸಾಕು, ಲೆಕ್ಕ ತಾಳೆಯಾಗುತ್ತದೆ. ಆ ಮೂರು ಕಿಲೋಮೀಟರ್ ಹೆಚ್ಚಿಗೆ ಹಿಂಡಿನ ಮುಂಚೂಣಿಯವನು ಕಾಲುಭಾಗದಷ್ಟು ಜಾಸ್ತಿ ತುಳಿಯಬೇಕು, ಆದರೆ ಒಂದೆರಡು ನಿಮಿಷ ಮಾತ್ರ. ಒಂಟಿಯವನಿಗೆ ಸರದಿಯೇ ಇಲ್ಲ.

ಆ ದಿನ ಗೆದ್ದವರು ಮಾರ್ಸೆಲ್ ಕಿಟ್ಟೆಲ್. 190 ಕಿ.ಮೀ. ಇನ್ನೊಬ್ಬರ ಗಾಳಿಯಲ್ಲಿ ಬಂದು, ಕೊನೇ ಕೆಲವು ಸೆಕೆಂಡು ಮಾತ್ರ ಸ್ವಂತ ಗಾಳಿ ತಿಂದರು. ಮೋಸ ಅಲ್ಲ, ಅದೇ ಕಸುಬು. ನೆರಳಿಗೆ ಬಾಡಿಗೆಯೂ ಇದೆ. ಅದೇ ಕೊನೇ ಓಟದ ನೂಕಾಟದಲ್ಲಿ ಮಾರ್ಕ್ ಕ್ಯಾವೆಂಡಿಷ್ ತಮ್ಮ ತಾಯಿಯ ಊರಾದ ಹ್ಯಾರೊಗೇಟ್‌ನಲ್ಲೇ ಬಿದ್ದು, ಭುಜದ ಕೀಲು ತಪ್ಪಿ ರೇಸಿನಿಂದ ಹೊರಬಿದ್ದರು.

ಗೆಳೆಯನಿಗೆ ಇದನ್ನೆಲ್ಲ ಹೇಳುತ್ತಿದ್ದರೆ ಅವನ ಪ್ರಶ್ನೆ ಬೇರೆಯೇ. "ಆ ಸೈಕಲ್ ಎಷ್ಟು ಕೆಜಿ?" ಬೆಂಗಳೂರಿನಲ್ಲಿ ಭಾನುವಾರ ನಂದಿಬೆಟ್ಟಕ್ಕೆ ಹೊರಡುವವರ ಬಾಯಲ್ಲೂ ಇದೇ ಮಾತು. ರೇಸಿನ ಸೈಕಲ್ 6.8 ಕೆಜಿಗಿಂತ ಹಗುರ ಇರಬಾರದು ಎಂಬ ನಿಯಮವಿದೆ. ಸಮತಟ್ಟಿನಲ್ಲಿ ಸೈಕಲ್ ಒಂದು ಕೆಜಿ ಇಳಿದರೆ ಉಳಿಯುವುದು ಅರ್ಧ ವ್ಯಾಟೂ ಅಲ್ಲ. ಮೊಣಕೈ ಒಳಗೆ ಎಳೆದುಕೊಂಡು ಬಗ್ಗಿದರೆ ಅದರ ಎಷ್ಟೋ ಪಟ್ಟು ಉಳಿಯುತ್ತದೆ, ಅದೂ ಬಿಟ್ಟಿಯಾಗಿ. ತೂಕ ಮಾತಾಡುವುದು ಏರಿನಲ್ಲಿ. ಅಲ್ಲಿ ವೇಗ ಇಳಿಯುತ್ತದೆ, ಗಾಳಿ ಸುಮ್ಮನಾಗುತ್ತದೆ, ಭೂಮಿ ಜಗ್ಗಲು ಶುರುಮಾಡುತ್ತದೆ, ನೆರಳಿಗೆ ಬೆಲೆ ಇಲ್ಲ. ಯಾರ್ಕ್‌ಶೈರಿನ ಒಂದು ಏರಿನ ಹೆಸರು ಬಟರ್‌ಟಬ್ಸ್, ಬೆಣ್ಣೆ ತೊಟ್ಟಿಗಳು. ಸುಣ್ಣಕಲ್ಲಿನಲ್ಲಿ ಮಳೆನೀರು ಕೊರೆದ ಆಳವಾದ ತಣ್ಣನೆ ಗುಂಡಿಗಳು ಅಲ್ಲಿವೆ. ಸಂತೆಗೆ ಹೊರಟ ರೈತರು ದಣಿವಾರಿಸಿಕೊಳ್ಳುವಾಗ ಬೆಣ್ಣೆ ಕರಗದಿರಲಿ ಎಂದು ಅವುಗಳಲ್ಲಿ ಇಳಿಬಿಡುತ್ತಿದ್ದರಂತೆ. ಎರಡನೇ ದಿನ ಶೆಫೀಲ್ಡಿನ ಜೆಂಕಿನ್ ರಸ್ತೆಯಲ್ಲಂತೂ ಒಂದು ಕಡೆ ನೂರು ಮೀಟರಿಗೆ 33 ಮೀಟರ್ ಲೆಕ್ಕದ ಏರು. ಹಿಂಡು ಅಲ್ಲಿ ಚಿಂದಿಯಾಯಿತು. ಸ್ವಲ್ಪ ಮುಂದೆ ವಿನ್ಸೆಂಜೊ ನಿಬಾಲಿ ಒಬ್ಬರೇ ಸಿಡಿದು 2 ಸೆಕೆಂಡಿನಿಂದ ಗೆದ್ದರು. ಹಿಂದೆ ಉಳಿದವರಲ್ಲಿ 'ಗಾಳಿ ಯಾರು ತಿನ್ನಬೇಕು' ಎಂಬ ಅನುಮಾನ ಮುಗಿಯುವಷ್ಟರಲ್ಲಿ ಗೆರೆ ಬಂದಿತ್ತು.

ಇಷ್ಟೆಲ್ಲ ಗಾಳಿ ವ್ಯಾಪಾರ ಅಲ್ಲಿನ ಹಳಬರಿಗೆ ಹೊಸದು ಅನ್ನಿಸಿದ್ದರೆ ಆಶ್ಚರ್ಯವಿಲ್ಲ. ಬ್ರಿಟನ್ನಿನಲ್ಲಿ ರಸ್ತೆಯ ಮೇಲೆ ಗುಂಪು ರೇಸನ್ನು ಸೈಕಲ್ ಸಂಘವೇ 1890ರ ದಶಕದಲ್ಲಿ ನಿಲ್ಲಿಸಿತ್ತು. ಪೊಲೀಸರ ಭಯ. ಅದರ ಬದಲು 1895ರಿಂದ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡುವ ಪದ್ಧತಿ ಬಂತು. ಮುಂಜಾನೆ ಕಪ್ಪು ಬಟ್ಟೆ ತೊಟ್ಟು, ದಾರಿಗೆ ಗುಪ್ತ ಹೆಸರಿಟ್ಟು, ಕಳ್ಳರ ಹಾಗೆ ರೇಸು! ಒಬ್ಬರ ಹಿಂದೆ ಒಬ್ಬರು ಅಂಟಿಕೊಳ್ಳುವುದು ತಪ್ಪು. 1942ರಲ್ಲಿ ಪರ್ಸಿ ಸ್ಟಾಲಾರ್ಡ್ ಎಂಬವರು ಹಟ ಹಿಡಿದು ಲಾಂಗಾಲನ್‌ನಿಂದ ವುಲ್ವರ್‌ಹ್ಯಾಂಪ್ಟನ್‌ಗೆ ಗುಂಪು ರೇಸು ನಡೆಸಿದಾಗ ಸಂಘ ಅವರನ್ನೇ ಹೊರಗಿಟ್ಟಿತು.

ಆ ಒಂಟಿ ಓಟದ ರಾಣಿ ಲೀಡ್ಸ್ ಪಕ್ಕದ ಮಾರ್ಲಿಯ ಬೆರಿಲ್ ಬರ್ಟನ್. ಹೊಲದಲ್ಲಿ ರೂಬಾರ್ಬ್ ಕೀಳುವ ಕೂಲಿ ಕೆಲಸ ಮಾಡಿದವರು. 1967ರಲ್ಲಿ, ಇಲ್ಕ್ಲಿಯ ಪಕ್ಕದೂರಾದ ಆಟ್ಲಿಯ ಕ್ಲಬ್ಬು ನಡೆಸಿದ 12 ಗಂಟೆಗಳ ಓಟದಲ್ಲಿ ಗಂಡಸರೆಲ್ಲ ಹೊರಟ ಮೇಲೆ ಇವರು ಹೊರಟರು. ಒಬ್ಬೊಬ್ಬರನ್ನೇ ದಾಟುತ್ತಾ ಬಂದರು. ಕೊನೆಗೆ ಸಿಕ್ಕವರು ಮೈಕ್ ಮೆಕ್‌ನಮಾರ. ಅವರೂ ಅವತ್ತು ಗಂಡಸರ ದಾಖಲೆ ಮುರಿಯುವ ದಾರಿಯಲ್ಲಿದ್ದರು. ದಾಟುವಾಗ ಏನಾದರೂ ಮಾತಾಡಬೇಕಲ್ಲ ಎಂದು ಬರ್ಟನ್ ಜೇಬಿಗೆ ಕೈಹಾಕಿ ಒಂದು ಲಿಕರಿಸ್ ಮಿಠಾಯಿ ಕೊಟ್ಟರು. ಅವರು ತೆಗೆದುಕೊಂಡು ಬಾಯಿಗೆ ಹಾಕಿಕೊಂಡರು. ಬರ್ಟನ್ ಆ ದಿನ ಕ್ರಮಿಸಿದ್ದು 277.25 ಮೈಲಿ, ಅಂದರೆ 446 ಕಿ.ಮೀ. ಮೆಕ್‌ನಮಾರಗಿಂತ ಮುಕ್ಕಾಲು ಮೈಲಿಯಷ್ಟು ಜಾಸ್ತಿ. 12 ಗಂಟೆಯೂ ಗಂಟೆಗೆ ಸರಾಸರಿ 37 ಕಿ.ಮೀ., ಯಾರ ಬೆನ್ನೂ ಇಲ್ಲದೆ. ಹೆಂಗಸರಲ್ಲಿ ಆ ದಾಖಲೆ ಮುರಿಯಲು 2017 ಬರಬೇಕಾಯಿತು.

ಲೀಡ್ಸಿಗೆ ವಾಪಸ್ಸು ಬರುವ ರೈಲಿನಲ್ಲಿ ಗೆಳೆಯನಿಗೆ ಈ ಕತೆ ಹೇಳಿದೆ. ಬಾಯಿ ಬಿಟ್ಟುಕೊಂಡು ಕೇಳಿದ. ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. ಆಮೇಲೆ ನನ್ನ ಕಡೆ ತಿರುಗಿ ಕೇಳಿದ: "ಅವರ ಸೈಕಲ್ ಎಷ್ಟು ಕೆಜಿ ಇತ್ತು?"