ಆರು ತಿಂಗಳು ಅಪ್ಪ, ಆರು ತಿಂಗಳು ಅಮ್ಮ: ಮಗುವಿನ ಕಸ್ಟಡಿ ತೀರ್ಪುಗಳು ಬದಲಾದ ಬಗೆ

ಜನವರಿ 1ರಿಂದ ಜೂನ್ 30ರವರೆಗೆ ಮಗ ಅಪ್ಪನ ಮನೆಯಲ್ಲಿ. ಜುಲೈ 1ರಿಂದ ಡಿಸೆಂಬರ್ 31ರವರೆಗೆ ಅಮ್ಮನ ಮನೆಯಲ್ಲಿ. ಒಬ್ಬರ ಬಳಿ ಇರುವಾಗ ಶನಿವಾರ, ಭಾನುವಾರ ಇನ್ನೊಬ್ಬರು ಭೇಟಿ ಮಾಡಬಹುದು. ಫೋನಿನಲ್ಲಿ, ವಿಡಿಯೊ ಕಾಲ್‌ನಲ್ಲಿ ಮಾತಾಡಬಹುದು. ಓದಿನ ಖರ್ಚು, ಉಳಿದ ಖರ್ಚು ಇಬ್ಬರಿಗೂ ಅರ್ಧರ್ಧ.

ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ 2013ರಲ್ಲಿ ಕೊಟ್ಟ ತೀರ್ಪು ಇದು. ಆಗ ಇದು ಹೊಸದು. ಕೇಳಲು ಸರಳ, ನಡೆಸಲು ಕಷ್ಟ. ನಮ್ಮಲ್ಲಿ ಶಾಲೆ ಶುರುವಾಗುವುದೇ ಜೂನ್ ಹೊತ್ತಿಗೆ. ಎರಡೂ ಮನೆ ಒಂದೇ ಊರಿನಲ್ಲಿದ್ದು, ಶಾಲೆಯೂ ಒಂದೇ ಆಗಿದ್ದರೆ ಮಾತ್ರ ಇಂಥ ಏರ್ಪಾಡು ನಡೆಯುತ್ತದೆ, ಅಲ್ವಾ?

ಹೀಗೆ ದಿನ ಹಂಚಿಕೊಡಿ ಎಂದು ಹೇಳುವ ಕಾನೂನು ನಮ್ಮಲ್ಲಿ ಇಲ್ಲ. ಕೋರ್ಟುಗಳು ಇಂದಿಗೂ ಮುಖ್ಯವಾಗಿ ನೋಡುವುದು 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯನ್ನು. ಅಪ್ಪ ಬದುಕಿದ್ದು, ಕೋರ್ಟಿನ ಕಣ್ಣಿಗೆ ಅನರ್ಹ ಅಲ್ಲದಿದ್ದರೆ ಬೇರೆ ಯಾರನ್ನೂ ಮಗುವಿನ ಪೋಷಕರಾಗಿ, ಅಂದರೆ ಗಾರ್ಡಿಯನ್ ಆಗಿ, ನೇಮಿಸಬಾರದು ಎಂದು ಅದರಲ್ಲಿತ್ತು. ಅಮ್ಮನೂ ಆ 'ಬೇರೆ ಯಾರೋ' ಪಟ್ಟಿಯಲ್ಲಿದ್ದಳು! ಆ ಕಲಮಿನಲ್ಲಿ ಅಪ್ಪನ ಪಕ್ಕ ಅಮ್ಮನಿಗೂ ಜಾಗ ಸಿಕ್ಕಿದ್ದು 2010ರ ತಿದ್ದುಪಡಿಯಲ್ಲಿ. 120 ವರ್ಷ ಬೇಕಾಯಿತು.

1956ರಲ್ಲಿ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆ ಬಂತು. ಅದರ 6ನೇ ಕಲಮಿನ ಪ್ರಕಾರ ಸಹಜ ಪೋಷಕ, ಅಂದರೆ ಕೋರ್ಟು ನೇಮಿಸದೆಯೇ ಕಾನೂನು ಒಪ್ಪುವ ಗಾರ್ಡಿಯನ್, ಮೊದಲು ತಂದೆ, ಅವನ ನಂತರ ತಾಯಿ. ಐದು ವರ್ಷ ತುಂಬದ ಮಗು ಮಾತ್ರ ಸಾಮಾನ್ಯವಾಗಿ ತಾಯಿಯ ಬಳಿ. ಆದರೆ 13ನೇ ಕಲಮು ಮಗುವಿನ ಹಿತವೇ ಎಲ್ಲಕ್ಕಿಂತ ಮೇಲು ಎನ್ನುತ್ತದೆ. ಒಂದೇ ಕಾಯ್ದೆಯಲ್ಲಿ ಎರಡು ಮಾತು. ಜಡ್ಜುಗಳು ನಿಧಾನಕ್ಕೆ ಎರಡನೆಯದರ ಕಡೆ ವಾಲಿದರು. ಮಕ್ಕಳು ತಂದೆತಾಯಿಯ ಆಸ್ತಿಯೂ ಅಲ್ಲ, ಆಟದ ಸಾಮಾನೂ ಅಲ್ಲ ಎಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿತ್ತು.

ದೊಡ್ಡ ತಿರುವು 1999ರದು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳಲು ಹೋದಾಗ ಅರ್ಜಿಗೆ ತಂದೆಯ ಸಹಿ ಬೇಕು ಎಂದಿದ್ದರು. ಅವರು ಸುಪ್ರೀಂ ಕೋರ್ಟಿಗೆ ಹೋದರು. ಮಗನ ಕಸ್ಟಡಿಗಾಗಿ ಗಂಡನ ಜೊತೆ ಕೋರ್ಟಿನಲ್ಲಿದ್ದ ಇನ್ನೊಬ್ಬ ತಾಯಿಯ ಅರ್ಜಿಯನ್ನೂ ಕೋರ್ಟು ಇದರ ಜೊತೆಗೇ ಕೇಳಿತು. ತಂದೆ ಬದುಕಿದ್ದರೂ ಮಗುವಿನ ಜವಾಬ್ದಾರಿ ಹೊರದೆ ದೂರ ಉಳಿದಿದ್ದರೆ ತಾಯಿಯೇ ಸಹಜ ಪೋಷಕಿ ಎಂದು ತೀರ್ಪು ಬಂತು. ಕಲಮನ್ನು ಕಿತ್ತುಹಾಕಲಿಲ್ಲ, ಅದನ್ನು ಓದುವ ರೀತಿ ಬದಲಿಸಿದರು ಅಷ್ಟೇ. ಕಾನೂನಿನ ಪುಸ್ತಕದಲ್ಲಿ ಈಗಲೂ ತಂದೆಯೇ ಮೊದಲು. ಇಬ್ಬರೂ ಸಮಾನ ಎಂದು ತಿದ್ದಿ ಅಂತ ಕಾನೂನು ಆಯೋಗ 1989ರಲ್ಲಿ ಒಮ್ಮೆ, 2015ರಲ್ಲಿ ಮತ್ತೊಮ್ಮೆ ಬರೆದುಕೊಟ್ಟಿತು. 2015ರ ವರದಿ ಜಂಟಿ ಕಸ್ಟಡಿಗೆ ಕರಡು ಕಲಮುಗಳನ್ನೂ ಕೊಟ್ಟಿತ್ತು, ನಮ್ಮ ಹೈಕೋರ್ಟಿನ 2013ರ ತೀರ್ಪನ್ನೂ ಉಲ್ಲೇಖಿಸಿತ್ತು. ಸಂಸತ್ತಿನಲ್ಲಿ ಅದು ಮುಂದೆ ಹೋಗಲಿಲ್ಲ.

ಹಾಗಾಗಿ ಎಲ್ಲ ಭಾರ ಕೋರ್ಟಿನ ಮೇಲೆ. ಬೆಂಗಳೂರಿನ ನ್ಯಾಯದೇಗುಲ ಕಟ್ಟಡದ ಫ್ಯಾಮಿಲಿ ಕೋರ್ಟುಗಳಲ್ಲಾಗಲಿ ಬೇರೆಡೆಯಾಗಲಿ, ಹೆಚ್ಚಿನ ಜಗಳ 'ಮಗು ಯಾರದು' ಎಂಬಲ್ಲಿಗೆ ಮುಗಿಯುವುದಿಲ್ಲ. ದಸರಾ ರಜೆ ಯಾರಿಗೆ? ಹುಟ್ಟುಹಬ್ಬ ಯಾರ ಮನೆಯಲ್ಲಿ? ಭೇಟಿ ಎಷ್ಟು ಹೊತ್ತು? ನನ್ನ ಪ್ರಕಾರ ಇಲ್ಲಿ ನಿಜವಾದ ತೀರ್ಪು, ಕೇಸು ಮುಗಿಯುವವರೆಗೆ ಅಂತ ಕೊಡುವ ಮಧ್ಯಂತರ ಆದೇಶವೇ. ಕೇಸು ಎಳೆದಷ್ಟೂ ಮಗು ಒಂದು ಮನೆಗೆ ಹೊಂದಿಕೊಂಡುಬಿಡುತ್ತದೆ. ಆಮೇಲೆ ಅಲ್ಲಿಂದ ಕದಲಿಸಲು ಯಾವ ಜಡ್ಜಿಗೂ ಮನಸ್ಸು ಬರುವುದಿಲ್ಲ.

2020ರಲ್ಲಿ ಸುಪ್ರೀಂ ಕೋರ್ಟ್ ಇನ್ನೊಂದು ಮಾತು ಸೇರಿಸಿತು. ಕಸ್ಟಡಿ ಸಿಗದ ತಂದೆಗೋ ತಾಯಿಗೋ ಭೇಟಿಯ ಹಕ್ಕಷ್ಟೇ ಸಾಲದು, ಸಾಧ್ಯವಾದಷ್ಟೂ ದಿನಕ್ಕೆ 5-10 ನಿಮಿಷ ಮಗುವಿನ ಜೊತೆ ಮಾತಾಡಲು ಸಿಗಬೇಕು. ಬೇರೆ ರಾಜ್ಯ, ಬೇರೆ ದೇಶದಲ್ಲಿರುವವರಿಗೆ ಇದು ಆಸರೆ. ಅಮೆರಿಕದಲ್ಲಿರುವ ಕನ್ನಡಿಗರಿಗೂ ಈ ತಲೆನೋವು ಗೊತ್ತು. ಗಡಿ ದಾಟಿ ಕರೆದೊಯ್ದ ಮಕ್ಕಳನ್ನು ವಾಪಸ್ ಕಳಿಸುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಒಂದೊಂದು ಕೇಸನ್ನೂ ಮೊದಲಿನಿಂದ ತೂಗಬೇಕು. ಹಾಗೆ ಇಲ್ಲಿಗೆ ಕರೆತಂದಿದ್ದ ಒಬ್ಬ ಹುಡುಗನ ವಿಷಯದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕ ಹೈಕೋರ್ಟಿನ ತೀರ್ಪನ್ನು ಬದಲಿಸಿತು. ಹುಡುಗ ಅಮೆರಿಕಕ್ಕೆ ಮರಳಲಿ ಎಂದಿತು.

ಇಷ್ಟೆಲ್ಲ ಆದರೂ ಕಸ್ಟಡಿ ಆದೇಶ ಕೊನೆಯ ಮಾತಲ್ಲ. ಮಗು ಬೆಳೆಯುತ್ತದೆ, ಅಪ್ಪನಿಗೆ ಬೇರೆ ಊರಿಗೆ ವರ್ಗವಾಗುತ್ತದೆ, ಅಮ್ಮ ಮರುಮದುವೆಯಾಗುತ್ತಾಳೆ. ಇಬ್ಬರೂ ಒಪ್ಪಿ ಸಹಿ ಹಾಕಿದ ಏರ್ಪಾಡನ್ನು ಕೂಡ ಕೋರ್ಟು ಮತ್ತೆ ತೆರೆದು ನೋಡಬಹುದು. ಮಗುವಿಗೆ 18 ತುಂಬುವವರೆಗೂ ಆ ಬಾಗಿಲು ಮುಚ್ಚುವುದಿಲ್ಲ.