ಪಾಲಿಫಿನಾಲ್ ರಕ್ತಕ್ಕೆ ಸೇರುವುದೇ ಇಲ್ಲ ಅಂದ್ರೆ ತಿಂದು ಏನು ಪ್ರಯೋಜನ?

ಪ್ರಶ್ನೆ: ದಾಳಿಂಬೆ, ಗ್ರೀನ್ ಟೀಯಲ್ಲಿರುವ ಪಾಲಿಫಿನಾಲ್ ಸಕ್ಕರೆ ಕಾಯಿಲೆ, ಬೊಜ್ಜಿಗೆ ಒಳ್ಳೆಯದು ಅಂತಾರೆ. ಆದರೆ ಅದರಲ್ಲಿ ಬಹುಪಾಲು ಮೈಗೆ ಹತ್ತುವುದೇ ಇಲ್ಲವಂತೆ, ನಿಜಾನಾ?

ಉತ್ತರ: ನಿಜ. ಪಾಲಿಫಿನಾಲ್ ಅಂದರೆ ಗಿಡಗಳು ತಯಾರಿಸುವ ಒಂದು ಬಗೆಯ ರಾಸಾಯನಿಕಗಳು. ಅದರಲ್ಲಿ ಸಣ್ಣ ಕರುಳು ಹೀರಿಕೊಳ್ಳುವುದು ಶೇ. 5ರಿಂದ 10ರಷ್ಟು ಮಾತ್ರ. ಮಿಕ್ಕಿದ್ದೆಲ್ಲ ದೊಡ್ಡ ಕರುಳಿಗೆ ಹೋಗುತ್ತದೆ. ದಂಡವಾಯ್ತು ಅಂದುಕೊಳ್ಳಬೇಡಿ, ಅಸಲಿ ಕೆಲಸ ಶುರುವಾಗುವುದೇ ಅಲ್ಲಿ.

ದಾಳಿಂಬೆಯನ್ನೇ ತಗೊಳ್ಳಿ. ಅದರಲ್ಲಿ ಎಲಾಜಿಟ್ಯಾನಿನ್ ಎಂಬ ದಪ್ಪ ಅಣು ಇದೆ, ಅಕ್ರೋಟಿನಲ್ಲೂ ಇದೆ. ಇದ್ದ ಹಾಗೇ ಅದು ಕರುಳಿನ ಗೋಡೆ ದಾಟುವುದಿಲ್ಲ. ಮೊದಲು ಒಡೆದು ಎಲಾಜಿಕ್ ಆಸಿಡ್ ಆಗುತ್ತದೆ, ಆಮೇಲೆ ಗೋರ್ಡೋನಿಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಅದನ್ನು ಹಂತ ಹಂತವಾಗಿ ಕತ್ತರಿಸಿ ಯುರೋಲಿಥಿನ್ ಎಂಬ ಸಣ್ಣ ಅಣು ಮಾಡುತ್ತವೆ, ಅದು ಸಲೀಸಾಗಿ ರಕ್ತಕ್ಕೆ ಸೇರುತ್ತದೆ. ತಮಾಷೆ ನೋಡಿ, ಹಣ್ಣಿನಲ್ಲಿ ಯುರೋಲಿಥಿನ್ ಇರುವುದೇ ಇಲ್ಲ!

ಆದರೆ ಈ ಕೆಲಸ ಎಲ್ಲರ ಹೊಟ್ಟೆಯಲ್ಲೂ ಒಂದೇ ಥರ ನಡೆಯುವುದಿಲ್ಲ. ಯಾರಲ್ಲಿ ಯಾವ ಯುರೋಲಿಥಿನ್ ತಯಾರಾಗುತ್ತದೆ ಅಂತ ನೋಡಿ ಸಂಶೋಧಕರು ಜನರನ್ನು ಎ, ಬಿ, ಸೊನ್ನೆ ಅಂತ ಮೂರು ಗುಂಪು ಮಾಡಿದ್ದಾರೆ. ಸೊನ್ನೆ ಗುಂಪಿನವರು ಬಟ್ಟಲುಗಟ್ಟಲೆ ದಾಳಿಂಬೆ ತಿಂದರೂ ಕೊನೇ ಹಂತದ ಯುರೋಲಿಥಿನ್ ತಯಾರಾಗುವುದಿಲ್ಲ. ಸೋಯಾದ ಕತೆಯೂ ಹೀಗೇ, ಅದರ ಪಾಲಿಫಿನಾಲಿನಿಂದ ಈಕ್ವಾಲ್ ಎಂಬ ವಸ್ತು ಮಾಡಿಕೊಳ್ಳುವ ಬ್ಯಾಕ್ಟೀರಿಯಾ ಕೆಲವರಲ್ಲಷ್ಟೇ ಇರುತ್ತವೆ. ಪಾಲಿಫಿನಾಲ್ ಪ್ರಯೋಗಗಳಲ್ಲಿ ಒಮ್ಮೆ ಲಾಭ, ಒಮ್ಮೆ ಏನೂ ಇಲ್ಲ ಅಂತ ಬರುವುದಕ್ಕೆ ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಆಗುವವರನ್ನೂ ಆಗದವರನ್ನೂ ಸೇರಿಸಿ ಸರಾಸರಿ ತೆಗೆದರೆ ಇನ್ನೇನು ಬರುತ್ತೆ, ಅಲ್ವಾ?

ಬ್ಯಾಕ್ಟೀರಿಯಾ ಪಾಲಿಫಿನಾಲನ್ನು ಬದಲಿಸುವ ಹಾಗೆ, ಪಾಲಿಫಿನಾಲ್ ಕೂಡ ಬ್ಯಾಕ್ಟೀರಿಯಾಗಳನ್ನು ಬದಲಿಸುತ್ತದೆ. ಜಾಸ್ತಿ ಕೊಬ್ಬು ತಿನ್ನಿಸಿದ ಇಲಿಗಳಿಗೆ ಕ್ರ್ಯಾನ್‌ಬೆರಿ ಸಾರ ಕೊಟ್ಟಾಗ ತೂಕ ಏರುವುದು ಕಡಿಮೆಯಾಯಿತು, ಕರುಳಿನಲ್ಲಿ ಅಕ್ಕರ್‌ಮ್ಯಾನ್ಸಿಯಾ ಎಂಬ ಬ್ಯಾಕ್ಟೀರಿಯಾ ಹೆಚ್ಚಿತು. ಕರುಳಿನ ಲೋಳೆಯನ್ನೇ ತಿಂದು ಬದುಕುವ ಇದನ್ನು 2004ರಲ್ಲಿ ಗುರುತಿಸಿ ಹೆಸರಿಟ್ಟರು. 2019ರಲ್ಲಿ ಪ್ರಕಟವಾದ ಒಂದು ಪುಟ್ಟ ಪ್ರಯೋಗದಲ್ಲಿ ಇದನ್ನು ಬಿಸಿ ಮಾಡಿ, ಸತ್ತ ರೂಪದಲ್ಲೇ, ದಪ್ಪಗಿರುವವರಿಗೆ ಮೂರು ತಿಂಗಳು ಕೊಟ್ಟರು. ಇನ್ಸುಲಿನ್ ಕೆಲಸ ಸುಧಾರಿಸಿತು. ಮುಗಿಸಿದವರು ಬರೀ 32 ಜನ, ಹಾಗಾಗಿ ಈಗಲೇ ಕುಣಿದಾಡುವಂಥದ್ದೇನಿಲ್ಲ.

ಹಾಗಾದರೆ ಪಾಲಿಫಿನಾಲ್ ಮಾತ್ರೆ ನುಂಗಬಹುದಾ? ನಾನಂತೂ ಬೇಡ ಅಂತೀನಿ. ಇಡೀ ಹಣ್ಣು, ಕಾಳುಗಳಲ್ಲಿ ಜೊತೆಗೆ ನಾರೂ ಸಿಗುತ್ತದೆ, ಅದನ್ನು ಹುಳಿಸಿ ಬ್ಯಾಕ್ಟೀರಿಯಾ ಮಾಡುವ ಬ್ಯುಟಿರೇಟ್ ಎಂಬ ವಸ್ತು ದೊಡ್ಡ ಕರುಳಿನ ಜೀವಕೋಶಗಳಿಗೆ ಮುಖ್ಯ ಇಂಧನ. ಮಾತ್ರೆಯಲ್ಲಿ ಅದೆಲ್ಲಿ? ಅದೂ ಅಲ್ಲದೆ ಗ್ರೀನ್ ಟೀ ಸಾರದ ಮಾತ್ರೆಗಳಿಂದ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಇಜಿಸಿಜಿ (ಗ್ರೀನ್ ಟೀಯ ಮುಖ್ಯ ಪಾಲಿಫಿನಾಲ್) ತಗೊಂಡವರಲ್ಲಿ ಲಿವರ್‌ಗೆ ಪೆಟ್ಟು ಬೀಳುವ ಸೂಚನೆ ಕಂಡಿದೆ ಅಂತ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2018ರಲ್ಲೇ ಹೇಳಿದೆ.