50 ದಿನ ದೂರದ ಬೇಲಿ

ಕಳೆದ ಬೇಸಿಗೆಯಲ್ಲಿ ಕಾಸರಗೋಡಿನ ಪೆರ್ಲದ ಕಡೆಯ ಭಾವನ ಮನೆಗೆ ಹೋಗಿದ್ದೆ. ಅವರ ಅಡಿಕೆ ತೋಟದ ಬೆನ್ನಿಗೆ ಗುಡ್ಡೆ. ಗುಡ್ಡೆಯ ತಲೆ ಚಪ್ಪಟೆ, ಉದ್ದಕ್ಕೂ ಪಾರೆ, ಅಂದರೆ ಬೋಳು ಕಲ್ಲುಹಾಸು. ಅಲ್ಲಿ ಯಾರದೋ 80 ಸೆಂಟ್ಸ್ ಜಾಗ ಮಾರಾಟವಾಗಿ ಜೆಸಿಬಿ ಸದ್ದು ಮಾಡುತ್ತಿತ್ತು. ಬಾಡಿಗೆಗೆ ಕ್ವಾರ್ಟರ್ಸ್ ಕಟ್ಟುತ್ತಾರಂತೆ, ಆರು ಮನೆ.

"ನಿಮ್ಮ ಕುಡಿಯುವ ನೀರಿನ ಸುರಂಗ ಅದರ ಅಡಿಗೇ ಅಲ್ವಾ ಭಾವ?" ಎಂದೆ.

"ಅಡಿಗೆ ಎಂತ ಮಾರಾಯ, ಅದು 300 ಮೀಟರ್ ದೂರ ಉಂಟು. ಮತ್ತೆ ಅಲ್ಲಿ ಇರುವುದಾದರೂ ಎಂತ? ಬರೀ ಪಾರೆ."

ಈ ಒಂದು ಉತ್ತರದಲ್ಲಿ ಎರಡು ತಪ್ಪುಗಳಿವೆ. ಒಂದು "ಬರೀ ಪಾರೆ". ಇನ್ನೊಂದು "300 ಮೀಟರ್". ಎರಡನೆಯದೇ ನನಗೆ ಜಾಸ್ತಿ ಇಷ್ಟವಾದ ತಪ್ಪು. ಆದರೆ ಪಾರೆಯ ಮೇಲೆ ಹತ್ತದೆ ಅಲ್ಲಿಗೆ ಹೋಗುವ ದಾರಿ ಇಲ್ಲ.

ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ. ಒಂದು ಎಕರೆಯ ಮೇಲೆ ಬೀಳುವ ನೀರನ್ನು ಲೆಕ್ಕ ಹಾಕಿದರೆ 1 ಕೋಟಿ 40 ಲಕ್ಷ ಲೀಟರ್ ದಾಟುತ್ತದೆ. ಕೇರಳದ 44 ಹೊಳೆಗಳಲ್ಲಿ 12 ನಮ್ಮ ಜಿಲ್ಲೆಯವು. ಆದರೂ ಏಪ್ರಿಲ್ ಬಂತೆಂದರೆ ಟ್ಯಾಂಕರ್ ಓಡಾಡುತ್ತದೆ. ಕಾರಣ ಗೊತ್ತಿರುವುದೇ. ಗುಡ್ಡೆಗೂ ಕಡಲಿಗೂ ನಡುವೆ ಜಾಗ ಕಡಿಮೆ, ಹೊಳೆಗಳು ಗಿಡ್ಡ. ಆಟಿ ತಿಂಗಳಲ್ಲಿ ಬಿದ್ದ ಮಳೆ ಬೇಗ ಬೇಗ ಅರಬ್ಬೀ ಸಮುದ್ರ ಸೇರುತ್ತದೆ. ಬೇಸಿಗೆಗೆ ಉಳಿಯುವುದು ಗುಡ್ಡೆಯ ಹೊಟ್ಟೆಗೆ ಇಳಿದದ್ದು ಮಾತ್ರ. ನಮಗೆ ಡ್ಯಾಮ್ ಇಲ್ಲ ಅಂತ ಬೇಸರಪಡುವವರಿಗೆ ನಾನು ಹೇಳುವುದಿಷ್ಟೇ: ಇದೆ, ಮುರಕಲ್ಲಿನದ್ದು, ನೀವು ಅದರ ಕೆಳಗೇ ಮನೆ ಕಟ್ಟಿದ್ದೀರಿ.

ಮುರಕಲ್ಲಿನ ಕತೆಗೆ ಸ್ವಲ್ಪ ನಿಲ್ಲಲೇಬೇಕು. 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಈಸ್ಟ್ ಇಂಡಿಯಾ ಕಂಪೆನಿಗಾಗಿ ಮೈಸೂರು, ಮಲಬಾರು, ಕೆನರಾ ಸೀಮೆಗಳನ್ನು ನೋಡಲು ಹೊರಟ. ಈಗಿನ ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂನಲ್ಲಿ ಜನ ನೆಲದಿಂದಲೇ ಇಟ್ಟಿಗೆ ಕಡಿದು ತೆಗೆಯುವುದನ್ನು ಕಂಡು ಬೆರಗಾದ. ನೆಲದೊಳಗೆ ಮೆತ್ತಗಿದ್ದ ಕಲ್ಲು ಗಾಳಿಗೆ ಬಂದ ಮೇಲೆ ಗಟ್ಟಿಯಾಗುತ್ತಿತ್ತು. ಲ್ಯಾಟಿನ್ನಿನಲ್ಲಿ ಇಟ್ಟಿಗೆಗೆ ಲೇಟರ್ ಅನ್ನುತ್ತಾರೆ. ಅದರಿಂದ 1807ರ ತನ್ನ ಪುಸ್ತಕದಲ್ಲಿ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಇವತ್ತು ಬ್ರೆಜಿಲಿನಿಂದ ಆಫ್ರಿಕದವರೆಗೆ ಭೂವಿಜ್ಞಾನಿಗಳು ಹೇಳುವ ಈ ಹೆಸರು ಹುಟ್ಟಿದ್ದು ನಮ್ಮದೇ ರಾಜ್ಯದ ಒಂದು ಜಿಲ್ಲೆಯಲ್ಲಿ. ನಾವು ಮಾತ್ರ ಇನ್ನೂ ಅದನ್ನು ಗೋಡೆ ಕಟ್ಟುವ ಸಾಮಾನು ಅಂತಲೇ ನೋಡುತ್ತೇವೆ.

ಲಕ್ಷಾಂತರ ವರ್ಷಗಳ ಮಳೆ ಮೂಲ ಕಲ್ಲಿನಿಂದ ಕರಗುವುದನ್ನೆಲ್ಲ ತೊಳೆದುಕೊಂಡು ಹೋಯಿತು. ಉಳಿದದ್ದು ಕಬ್ಬಿಣ, ಅಲ್ಯೂಮಿನಿಯಂ ಮತ್ತು ತೂತುಗಳು. ಚೆನ್ನಾಗಿ ಹುಳಿ ಬಂದ ಉದ್ದಿನ ದೋಸೆಯನ್ನು ಮುರಿದು ನೋಡಿ, ಹೆಚ್ಚುಕಡಿಮೆ ಹಾಗೆ. ಮೇಲೆ ಗಟ್ಟಿ ಪಾರೆ, ಅದರ ಕೆಳಗೆ ಮೆದು ಮುರ, ಅದಕ್ಕೂ ಕೆಳಗೆ ಬಿಳಿ ಶೇಡಿ ಮಣ್ಣು, ಕೊನೆಗೆ ಕರಿಕಲ್ಲು. ಶೇಡಿ ಮಣ್ಣು ನೀರನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಮೇಲಿನಿಂದ ಇಳಿದ ನೀರು ಅದರ ಮೇಲೆ ತಡೆದು ನಿಂತು, ಮುರದ ತೂತುಗಳನ್ನು ತುಂಬಿಕೊಂಡು, ಇಳಿಜಾರು ಇದ್ದ ಕಡೆಗೆ ಮೆಲ್ಲ ಜಾರುತ್ತದೆ. ಅಂಥ ಜಾಗಕ್ಕೆ ಅಡ್ಡಲಾಗಿ, ಮನುಷ್ಯ ಬಗ್ಗಿ ಹೋಗುವಷ್ಟು ಅಗಲದ ಗವಿ ಕೊರೆದರೆ ಅದೇ ಸುರಂಗ. ಬಾಯಿಯ ಕಡೆಗೆ ತುಸು ಇಳಿಜಾರು ಕೊಟ್ಟರೆ ಸಾಕು, ಪಂಪು ಬೇಡ, ಕರೆಂಟು ಬೇಡ. ಬಾಯಲ್ಲಿ ಅಡಿಕೆ ದಂಬೆ ಇಟ್ಟರೆ ನೀರು ಟ್ಯಾಂಕಿಗೆ ತಾನಾಗಿ ಬೀಳುತ್ತದೆ. ಇಂಥವನ್ನು ಪಿಕ್ಕಾಸಿನಲ್ಲಿ, ಮೇಣದ ಬತ್ತಿಯ ಬೆಳಕಿನಲ್ಲಿ ಕೊರೆದರು. ಬತ್ತಿ ಆರಿದರೆ ಒಳಗೆ ಉಸಿರಾಡುವ ಗಾಳಿ ಮುಗಿಯಿತು ಅಂತ ಹೊರಗೆ ಓಡಬೇಕು.

ತೊಳೆದ ಬೈರಾಸನ್ನು, ಅಂದರೆ ಟವೆಲನ್ನು, ಹಿಂಡದೆ ಹಗ್ಗಕ್ಕೆ ಹಾಕಿದರೆ ಕೆಳಗಿನ ಅಂಚಿನಿಂದ ಎಷ್ಟೋ ಹೊತ್ತು ತೊಟ್ಟಿಕ್ಕುತ್ತದಲ್ಲ? ಗುಡ್ಡೆಯೇ ಬೈರಾಸು, ಸುರಂಗ ಅದರ ಅಂಚು. ತೊಟ್ಟಿಕ್ಕುವುದು ನಿಲ್ಲಬಾರದಾದರೆ ಬೈರಾಸಿನ ಮೇಲ್ಭಾಗ ಒದ್ದೆಯಾಗುತ್ತಲೇ ಇರಬೇಕು. ಇದು ಬರೀ ಹೋಲಿಕೆಯಲ್ಲ, ಲೆಕ್ಕವೂ ಇದೆ. ಆ ಲೆಕ್ಕ ಬರೆದವನು ಊರಿಗೆ ಕುಡಿಯುವ ನೀರು ತಂದ ಒಬ್ಬ ಎಂಜಿನಿಯರ್. ಫ್ರಾನ್ಸಿನ ಡಿಜಾನ್ ಪಟ್ಟಣದ ಆಂರಿ ಡಾರ್ಸಿ. 1840ರಲ್ಲಿ ಅವನು 12 ಕಿಲೋಮೀಟರಿಗೂ ಆಚೆಯ ಒರತೆಯೊಂದರ ನೀರನ್ನು ಮುಚ್ಚಿದ ಕಾಲುವೆಯಲ್ಲಿ ಪೇಟೆಗೆ ಹರಿಸಿದ. ಆಮೇಲೆ ಮರಳು ತುಂಬಿದ ಉದ್ದ ಕೊಳವೆ ನಿಲ್ಲಿಸಿ, ನೀರು ಹೊಯ್ದು, ಎಷ್ಟು ಹೊತ್ತಿಗೆ ಎಷ್ಟು ಇಳಿಯುತ್ತದೆ ಅಂತ ಅಳೆದ. 1856ರಲ್ಲಿ ಅಚ್ಚಾಯಿತು. ನಮ್ಮ ಕಾಫಿ ಫಿಲ್ಟರಿನಲ್ಲಿ ಕಾಣುವುದೇ ಅವನಿಗೂ ಕಂಡದ್ದು. ಪುಡಿಯ ಮೇಲೆ ನೀರು ಎತ್ತರಕ್ಕೆ ನಿಂತಷ್ಟೂ ಡಿಕಾಕ್ಷನ್ ಬೇಗ. ಪುಡಿಯ ಪದರ ದಪ್ಪವಾದಷ್ಟೂ ನಿಧಾನ.

ಸುರಂಗಕ್ಕೆ ಇದನ್ನು ಅನ್ವಯಿಸಿ ನೋಡಿ. ಗುಡ್ಡೆಯೊಳಗಿನ ನೀರಿನ ಮಟ್ಟ ಸುರಂಗಕ್ಕಿಂತ ಎಷ್ಟು ಎತ್ತರದಲ್ಲಿದೆಯೋ, ಸುರಂಗದ ನೀರು ಅಷ್ಟು ದಪ್ಪ. ಮೇಲೆ ತಾರಸಿ ಬಂತು, ಅಂಗಳಕ್ಕೆ ಇಂಟರ್‌ಲಾಕ್ ಬಂತು, ಮಳೆನೀರು ಚರಂಡಿ ಹಿಡಿದು ತೋಡಿಗೆ ಹೋಯಿತು. ಒಳಗಿನ ಮಟ್ಟ ಒಂದೊಂದೇ ಗೇಣು ಇಳಿಯುತ್ತದೆ. ಸುರಂಗದ ಹತ್ತಿರ ಯಾರೂ ಸುಳಿಯಲಿಲ್ಲ, ಒಂದು ಕಲ್ಲೂ ಬೀಳಲಿಲ್ಲ. ಆದರೆ ಮಾರ್ಚಿನಲ್ಲಿ ಬತ್ತುತ್ತದೆ. ಆಗ ನಾವು ಮಳೆಯನ್ನು ಬೈಯುತ್ತೇವೆ.

ಅಥವಾ ತೆಂಗಿನಕಾಯಿ ಹಿಡಿದು ನೀರು ನೋಡುವವರನ್ನು ಕರೆಸುತ್ತೇವೆ. ಕಾಯಿ ನಿಂತುಕೊಳ್ಳುತ್ತದೋ ಮಲಗುತ್ತದೋ ಎಂಬುದಕ್ಕಿಂತ ನನಗೆ ತಲೆನೋವು ಅವರ ಜೊತೆಗೆ ಬರುವ ನಂಬಿಕೆಯದ್ದು. ನೆಲದಡಿ ನದಿ ಹರಿಯುತ್ತದೆ, ಘಟ್ಟದಿಂದ ಬರುತ್ತದೆ, ಕೆಲವರ ಪ್ರಕಾರ ಕಾಶಿಯಿಂದಲೇ. ಕುಂಬಳೆ ಹತ್ತಿರದ ಅನಂತಪುರ ಕೆರೆಯ ಗುಹೆಯಿಂದ ಅನಂತ ತಿರುವನಂತಪುರಕ್ಕೆ ಹೋದ ಎನ್ನುತ್ತಾರಲ್ಲ, ಆ ಕತೆಗೆ ನನ್ನ ತಕರಾರಿಲ್ಲ. ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ನನಗೂ ಬೇಸರವಾಗಿತ್ತು. ಆದರೆ ಕೆರೆಯ ನೀರು ಬರುವುದು ಸುತ್ತಲಿನ ಪಾರೆಯಿಂದ, ಆ ಪಾರೆಗೆ ಬಿದ್ದ ಮಳೆಯಿಂದ. ನೀರು ದೂರದ ಊರಿಂದ ಬರುತ್ತದೆ ಎಂದು ನಂಬಿದವನಿಗೆ ತನ್ನ ತಲೆಯ ಮೇಲಿನ ಗುಡ್ಡೆ ಕಾಯಬೇಕು ಅಂತ ಯಾಕೆ ಅನಿಸಬೇಕು ಹೇಳಿ?

ಈಗ ಆ 300 ಮೀಟರ್.

ಕುಡಿಯುವ ನೀರಿನ ಸುತ್ತ ಎಷ್ಟು ಜಾಗ ಕಾಯಬೇಕು? ಕೇರಳದ ಕಟ್ಟಡ ನಿಯಮದಲ್ಲಿ ಉತ್ತರ ಇದೆ. ಬಾವಿಯಿಂದ 7.5 ಮೀಟರ್ ಒಳಗೆ ಕಕ್ಕಸು ಗುಂಡಿ ಬೇಡ. ಒಳ್ಳೆಯದೇ. ಆದರೆ ನೀರು ಟೇಪು ಹಿಡಿದು ನಡೆಯುವುದಿಲ್ಲ. ಜರ್ಮನಿಯವರು ಬೇರೆ ಅಳತೆ ಹಿಡಿದರು, ದಿನದ ಅಳತೆ. ಹೊಟ್ಟೆಯಿಂದ ಹೊರಬಿದ್ದ ರೋಗಾಣುಗಳಿಗೆ ನೆಲದಡಿಯ ತಣ್ಣಗಿನ ಕತ್ತಲಲ್ಲಿ ಆಯುಸ್ಸು ಕಡಿಮೆ. ಸಾಕಷ್ಟು ದಿನ ಅಲ್ಲೇ ತಡೆದರೆ ಹೆಚ್ಚಿನವು ಸಾಯುತ್ತವೆ. ಹಾಗಾಗಿ ಕೊಳೆ ಬಿದ್ದ ಜಾಗದಿಂದ ಬಾವಿಗೆ ನೀರು ತಲುಪಲು ಕನಿಷ್ಠ 50 ದಿನ ಹಿಡಿಯಬೇಕು, ಸರಿಯಾಗಿ 50 ದಿನ ಹಿಡಿಯುವ ಜಾಗಗಳನ್ನೆಲ್ಲ ಸೇರಿಸಿ ಒಂದು ಗೆರೆ ಎಳೆಯಿರಿ ಎನ್ನುತ್ತದೆ ಅವರ ಪದ್ಧತಿ. ಗೆರೆಯ ಒಳಗೆ ಹೊಸ ಕಟ್ಟಡಕ್ಕೆ ಸಾಮಾನ್ಯವಾಗಿ ಒಪ್ಪಿಗೆ ಇಲ್ಲ, ಗೊಬ್ಬರ ಹಾಕಲೂ ಅಡ್ಡಿ. ಇಂಗ್ಲೆಂಡಿನಲ್ಲೂ ಮೊದಲ ಗೆರೆ 50 ದಿನದ್ದು, ಎರಡನೆಯದು 400 ದಿನದ್ದು.

ಮೊದಲ ಸಲ ಓದಿದಾಗ ಇದು ನನಗೆ ಎಷ್ಟು ಹಿಡಿಸಿತೆಂದರೆ ಎರಡು ದಿನ ಅದನ್ನೇ ಯೋಚಿಸುತ್ತಿದ್ದೆ. ದಿನಗಳಿಂದ ಕಟ್ಟಿದ ಬೇಲಿ! ನಮ್ಮ ಹಿರಿಯರು ದೂರವನ್ನು ಹೇಳುತ್ತಿದ್ದದ್ದೂ ಹೀಗೇ ಅಲ್ವಾ? ಪೇಟೆಗೆ ಒಂದು ಹೊತ್ತಿನ ದಾರಿ, ಸುಬ್ರಹ್ಮಣ್ಯಕ್ಕೆ ಎರಡು ದಿನದ ದಾರಿ. ನಡೆಯುವವನಿಗೆ ಮೈಲಿಗಿಂತ ಹೊತ್ತು ಮುಖ್ಯ. ಏರು ಎಲ್ಲಿದೆ, ಹೊಳೆ ಎಲ್ಲಿದೆ ಎಂಬುದೆಲ್ಲ ಅದರಲ್ಲೇ ಬಂತು. ನೀರಿಗೂ ಹಾಗೆ. ನುಣ್ಣನೆಯ ಮಣ್ಣಿನಲ್ಲಿ ದಿನಕ್ಕೆ 10 ಸೆಂಟಿಮೀಟರ್ ನಡೆಯುತ್ತದೆ ಅಂತ ಇಟ್ಟುಕೊಳ್ಳಿ. 7.5 ಮೀಟರಿಗೆ 75 ದಿನ ಬೇಕು, ಚಿಂತೆಯಿಲ್ಲ. ಅದೇ ನೀರಿಗೆ ಬೆರಳು ದಪ್ಪದ ತೂತು ಸಿಕ್ಕಿ ಗಂಟೆಗೆ ಒಂದು ಮೀಟರ್ ಹೋಯಿತು ಅಂದುಕೊಳ್ಳಿ. ಆಗ ಏಳೂವರೆ ಗಂಟೆ. ರಾತ್ರಿ ಊಟದ ಹೊತ್ತಿಗೆ ಹೊರಟದ್ದು ಬೆಳಗಿನ ಕಾಫಿಗೆ ಬಂದು ಸೇರುತ್ತದೆ.

ಮುರಕಲ್ಲಿನ ತೊಂದರೆ ಇರುವುದೇ ಇಲ್ಲಿ. ನೀರನ್ನು ಇಟ್ಟುಕೊಳ್ಳಲು ಅನುಕೂಲ ಮಾಡಿದ ತೂತುಗಳೇ ಕೊಳೆಗೂ ಹೆದ್ದಾರಿ. "ಸುರಂಗದ ನೀರು, ಕುದಿಸುವುದೇ ಬೇಡ" ಎನ್ನುವವರು ಇದನ್ನು ಸ್ವಲ್ಪ ಯೋಚಿಸಬೇಕು. ಕಲ್ಲಿನ ಒಳದಾರಿ ಎಷ್ಟು ದೂರ, ಎಷ್ಟು ಬೇಗ ಒಯ್ಯಬಲ್ಲದು ಎಂಬುದನ್ನು 1877ರಲ್ಲಿ ಜರ್ಮನಿಯಲ್ಲಿ ನೋಡಿದ್ದಾರೆ. ಡ್ಯಾನ್ಯೂಬ್ ಹೊಳೆ ಒಂದು ಕಡೆ ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು ಹೋಗುತ್ತದೆ. ಅಲ್ಲಿಗೆ ನೀರನ್ನು ಹಸಿರು ಮಾಡುವ 10 ಕಿಲೋ ಬಣ್ಣದ ಪುಡಿ ಸುರಿದರು. ಸುಮಾರು 60 ಗಂಟೆ ಕಳೆದ ಮೇಲೆ, 12 ಕಿಲೋಮೀಟರ್ ಆಚೆಯ ಒರತೆಯಲ್ಲಿ ನೀರು ಹಸಿರಾಗಿ ಹೊಳೆಯಿತು. ಮುರಕಲ್ಲು ಸುಣ್ಣಕಲ್ಲಲ್ಲ, ಅಷ್ಟು ವೇಗ ಇಲ್ಲಿಲ್ಲ. ಆದರೂ 300 ಮೀಟರ್ ಅಂತ ಕೇಳಿದಾಗ ನನಗೆ ಆ ಹಸಿರು ನೀರು ನೆನಪಾಗುತ್ತದೆ.

ಇದಕ್ಕೆ ಪೆರ್ಲ ಸೇರಿದ ಎಣ್ಮಕಜೆ ಪಂಚಾಯತಿನವರಿಗೆ ಜರ್ಮನಿಯ ಉದಾಹರಣೆ ಬೇಕಾಗಿಲ್ಲ. ಗುಡ್ಡೆಗಳ ಮೇಲಿನ ಗೇರು ತೋಟಗಳಿಗೆ 2000ದವರೆಗೆ, ಎರಡು ದಶಕಕ್ಕೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಅದು ಮಣ್ಣಿನ ಕಣಕ್ಕೆ ಅಂಟಿಕೊಂಡು ಮಳೆಯ ಜೊತೆ ಇಳಿಯುವ ವಿಷ. ಕೆಳಗೆ ತೋಡು, ಸುರಂಗ, ಮನೆ. ಸುಪ್ರೀಂ ಕೋರ್ಟು ದೇಶದಲ್ಲಿ ಅದನ್ನು ತಡೆದದ್ದು 2011ರಲ್ಲಿ. ಗುಡ್ಡೆಯ ತಲೆಗೆ ಹಾಕಿದ್ದನ್ನು ಬೈಲಿನವರು ಕುಡಿಯುತ್ತಾರೆ ಎಂಬುದು ನಮ್ಮಲ್ಲಿ ಪಠ್ಯದ ಮಾತಲ್ಲ.

ಬೈಲಿಗೆ ಕಾನೂನು ಇದೆ. 2008ರ ಕೇರಳದ ಕಾಯಿದೆ ಗದ್ದೆ ಮತ್ತು ಜೌಗು ನೆಲವನ್ನು ಮುಚ್ಚದಂತೆ ತಡೆಯುತ್ತದೆ. ಅದೇ ಗದ್ದೆಗೆ ನೀರಿಳಿಸುವ ಪಾರೆಗೆ ಆ ಕಾಯಿದೆಯಲ್ಲಿ ಜಾಗವಿಲ್ಲ. ಕೊಡಪಾನಕ್ಕೆ ಬೀಗ ಹಾಕಿ ಬಾವಿಯನ್ನು ಮಾರಿದ ಹಾಗೆ. ಮಳೆಗಾಲದಲ್ಲಿ ಪಾರೆಯ ಮೇಲೆ ನೆಲಕ್ಕೆ ಅಂಟಿದಂತೆ ಅರಳುವ ನೀಲಿ ಹೂಗಳನ್ನು ನೋಡಿದ್ದೀರಾ? ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು ಹಿಡಿದು ತಿನ್ನುವ ಗಿಡ ಅದು. ತಿಂಗಳುಗಟ್ಟಲೆ ಒದ್ದೆ ಇರುವಲ್ಲಿ ಮಾತ್ರ ಬದುಕುತ್ತದೆ. "ಹುಲ್ಲೂ ಬೆಳೆಯದ" ಜಾಗ ಎಷ್ಟು ನೀರು ಹಿಡಿಯುತ್ತದೆ ಅಂತ ತಿಳಿಯಲು ಬೇರೆ ಯಂತ್ರ ಬೇಡ.

ದೊಡ್ಡ ಊರುಗಳು ಇದನ್ನು ಎರಡು ರೀತಿಯಲ್ಲಿ ಕಲಿತಿವೆ. ನ್ಯೂಯಾರ್ಕಿಗೆ ಬಹುಪಾಲು ನೀರು ಬರುವುದು ದೂರದ ಕ್ಯಾಟ್ಸ್‌ಕಿಲ್ ಗುಡ್ಡಗಳ ಕಡೆಯಿಂದ. ಸೋಸುವ ಘಟಕ ಕಟ್ಟಲು ನೂರಾರು ಕೋಟಿ ಡಾಲರ್ ಬೇಕಾಗುತ್ತಿತ್ತು. ಅದರ ಬದಲು 1997ರಲ್ಲಿ ಗುಡ್ಡದ ಜನರ ಜೊತೆ ಒಪ್ಪಂದ ಮಾಡಿಕೊಂಡರು. ಮಾರಲು ಮನಸ್ಸಿದ್ದವರಿಂದ ಮಾತ್ರ ಜಾಗ ಕೊಂಡರು, ಉಳಿದವರ ಕಕ್ಕಸು ಗುಂಡಿ ರಿಪೇರಿಗೆ ದುಡ್ಡು ಕೊಟ್ಟರು. ಬೆಂಗಳೂರು ಇನ್ನೊಂದು ರೀತಿ. 1933ರಲ್ಲಿ ಅರ್ಕಾವತಿಗೆ ಕಟ್ಟಿದ ತಿಪ್ಪಗೊಂಡನಹಳ್ಳಿ ಜಲಾಶಯದ ಮೇಲ್ಭಾಗವೆಲ್ಲ ಲೇಔಟು, ಬೋರ್‌ವೆಲ್ಲು. 2012ರಲ್ಲಿ ಅಲ್ಲಿಂದ ಕುಡಿಯುವ ನೀರು ನಿಂತೇ ಹೋಯಿತು. ಕಟ್ಟೆ ಮಾತ್ರ ಗಟ್ಟಿಮುಟ್ಟಾಗಿತ್ತು.

ಭಾವನಿಗೆ ಇಷ್ಟೆಲ್ಲ ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಂಡು ಕೇಳಿದರು. "ಹಾಗಾದರೆ ನಮ್ಮದು ಎಷ್ಟು ದಿನ ದೂರ?"

ಒಳ್ಳೆಯ ಪ್ರಶ್ನೆ. ಮಳೆ ಬಂದ ಎಷ್ಟು ದಿನಕ್ಕೆ ಸುರಂಗದ ನೀರು ಹೆಚ್ಚುತ್ತದೆ ಅಂತ ನೋಡಿದರಾಯಿತಲ್ಲ ಎಂದು ಅವರೇ ಹೇಳಿದರು. ಅದು ಸಾಲದು. ದೇವಸ್ಥಾನದ ಊಟದ ಸಾಲಿನಲ್ಲಿ ಹಿಂದಿನವನು ನೂಕಿದರೆ ಮುಂದಿನವನು ಬಾಗಿಲೊಳಗೆ ಬೀಳುತ್ತಾನೆ. ಒಳಗೆ ಬಿದ್ದವನು ಈಗ ಬಂದವನಲ್ಲ, ಆಗಿನಿಂದ ನಿಂತವನು. ಹೊಸ ಮಳೆ ಮೇಲಿನಿಂದ ಒತ್ತಿದಾಗ ಸುರಂಗದಿಂದ ಮೊದಲು ಬರುವುದು ಹಳೇ ನೀರೇ. ಹೊಸ ನೀರಿನ ಗುರುತು ಬೇರೆ ಬೇಕು. ನಮ್ಮ ಊರಿನಲ್ಲಿ ಅದಕ್ಕೆ ಬಣ್ಣದ ಪುಡಿ ತರಬೇಕಾಗಿಲ್ಲ. ಜೆಸಿಬಿ ಆಗಲೇ ಗುಡ್ಡೆಯ ಮೇಲೆ ಕೆಂಪು ಮಣ್ಣನ್ನು ಸಡಿಲ ಮಾಡಿ ಇಟ್ಟಿತ್ತು. ಟ್ಯಾಂಕಿಯ ನೀರು ಯಾವತ್ತು ಕೆಂಪಾಗುತ್ತದೆ ನೋಡಿ, ಸುರಂಗದ ಬಾಯಿಗೆ ನೇರ ಮಳೆ ನುಗ್ಗದಂತೆ ಮಾತ್ರ ಅಡ್ಡ ಕಟ್ಟಿ ಎಂದೆ.

ಜೂನ್ ಮೊದಲ ವಾರ ಫೋನ್ ಬಂತು. ಹಿಂದಿನ ದಿನ ಬೆಳಿಗ್ಗೆ ಜೋರು ಮಳೆಯಂತೆ. ಬಾಯಿಗೆ ಸೋಗೆಯ ಅಡ್ಡ, ಅದರ ಮೇಲೆ ಪ್ಲಾಸ್ಟಿಕ್ಕು, ಎಲ್ಲ ಸರಿಯಾಗಿಯೇ ಇತ್ತು.

"ಎಷ್ಟು ದಿನ ಆಯಿತು ಭಾವ?"

"ದಿನ ಎಂತದ್ದು ಮಾರಾಯ. ಸಂಜೆಗೆ ಹಸು ಕರೆದು ಬಂದು ನೋಡುವಾಗ ಕೆಂಪು. ಅಕ್ಕ ನಿನ್ನೆಯಿಂದ ನೀರು ಕುದಿಸುತ್ತಿದ್ದಾಳೆ. ಆ ಕ್ವಾರ್ಟರ್ಸಿಗೆ ಕಕ್ಕಸು ಗುಂಡಿ ತೋಡುವವರ ಹತ್ತಿರ ನಾಳೆ ಹೋಗಿ ಬರುತ್ತೇನೆ. ಗುಡ್ಡೆಯ ಆಚೆ ಬದಿಗೆ ತೋಡಿ ಅಂತ ಕೇಳಬೇಕು."

"ಆಚೆ ಬದಿಯಲ್ಲಿ ಯಾರ ಸುರಂಗ ಉಂಟು?"

ಫೋನಿನಲ್ಲಿ ಸ್ವಲ್ಪ ಹೊತ್ತು ಮಳೆಯ ಸದ್ದು ಮಾತ್ರ ಕೇಳಿಸಿತು.